ಸುಣ್ಣ ಬಳಿದಾಗಲೆಲ್ಲ ಏರಿದ ನೆರೆ

ಫೆಬ್ರವರಿ ೯

ಇವತ್ತು ಬೀಗಿತ್ತಿ ನದಿಯನ್ನು ಚಪ್ಪಲಿ ಕಾಲಲ್ಲೇ ದಾಟಿಕೊಂಡು ನಮ್ಮ ಮನೆಗೆ ಬಂದಳು. ಬಟ್ಟೆಯ ಅಂಚು ಕೂಡ ಒದ್ದೆಯಾಗಿರಲಿಲ್ಲ. ತಲೆಯ ಮೇಲೆ ಟ್ರಂಕು, ಕಂಕುಳಲ್ಲಿ ಸುತ್ತಿದ ಹಾಸಿಗೆ. ನಡುನದಿಯಲ್ಲಿ ಒಂದು ಬಂಡೆಯ ಮೇಲೆ ಟ್ರಂಕು ಇಳಿಸಿ, ಬಸ್ಸಿಗೆ ಕಾಯುವವಳ ಹಾಗೆ ನಿಂತು ಸುಧಾರಿಸಿಕೊಂಡಳು. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದೆ. ಥೂ ನಿನ್ನ ಅಂದೆ. ಬೀಗಿತ್ತಿಗಲ್ಲ, ನದಿಗೆ.

ಈ ನದಿಯಲ್ಲಿ ನನ್ನ ಗಂಡ ಸಾಯುವವರೆಗೂ ದೋಣಿ ಹಾಕಿದರು. ಆನೆಯಂಥ ಮರಗಳನ್ನು ಕಡ್ಡಿಯ ಹಾಗೆ ತಿರುಗಿಸಿಕೊಂಡು ಹೋಗುತ್ತಿದ್ದ ನದಿ. ಮಳೆಗಾಲದಲ್ಲಿ ಆಚೆದಡದಲ್ಲಿ ಹೆಣ ಬಿದ್ದರೂ ಈಚೆದಡದ ನೆಂಟರು ಇಲ್ಲಿಂದಲೇ ಅಳಬೇಕಿತ್ತು. ಇವಳ ಮಗಳನ್ನು ನನ್ನ ಮಗನಿಗೆ ತಂದುಕೊಳ್ಳುವಾಗ ನನ್ನ ಧೈರ್ಯವೆಲ್ಲ ನಡುವೆ ನದಿ ಇದೆಯಲ್ಲ ಅನ್ನುವುದರ ಮೇಲೆ ನಿಂತಿತ್ತು. ಬೀಗಿತ್ತಿ ಬರಬೇಕಾದರೆ ನನ್ನ ಗಂಡನ ದೋಣಿಯಲ್ಲೇ ಬರಬೇಕು, ನನ್ನ ಗಂಡ ನನ್ನ ಮುಖ ನೋಡದೆ ಹುಟ್ಟು ಮುಟ್ಟುತ್ತಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ಈಗ ದಾಟುವಾಗಲೇ ಹಂಗಿಲ್ಲ.

ಹೋದ ವರ್ಷ ಆಚೆದಡಕ್ಕೆ ಕಲ್ಲು ಹಾಸಿ, ಬೆಂಚು ಹಾಕಿ, ಗಾಳಿಗೆ ತಿರುಗಾಡುವ ಜಾಗ ಮಾಡಿದಾಗ ಇವಳ ಮನೆ ಹೋಯಿತು. ಪಟ್ಟಣದ ಆರನೇ ಮಹಡಿಯಲ್ಲಿ ಒಂದು ಕೋಣೆ ಕೊಟ್ಟರು. ಅಲ್ಲಿ ಇವಳು ಮಾತಾಡಿದರೆ ಮೇಲಿನವರೂ ಕೆಳಗಿನವರೂ ದೂರು ಕೊಡುತ್ತಿದ್ದರಂತೆ. ಅದಕ್ಕೆ ಬೀಗ ಹಾಕಿಕೊಂಡು ಇಲ್ಲಿಗೆ ಬಂದಿದ್ದಾಳೆ. ಎಷ್ಟು ದಿನ ಅಂತ ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ.

ನನ್ನ ಕೋಣೆಯಲ್ಲೇ ಅವಳ ಹಾಸಿಗೆ. ಅಮ್ಮ ಮನೆ ಕಳಕೊಂಡು ಬಂದಿದ್ದಾರೆ, ನಾಲ್ಕು ದಿನ ಬಾಯಿ ಕಟ್ಟಿಕೊಳ್ಳಿ ಅತ್ತೆ ಎಂದು ಸೊಸೆ ಬೇಡಿಕೊಂಡಳು. ಬಾಯಿ ಕಟ್ಟಿಕೊಂಡಿದ್ದೇನೆ. ಕೈ ಕಟ್ಟಿಕೊಳ್ಳಲು ಅವಳು ಹೇಳಲಿಲ್ಲ. ಅವಳು ಹೊಲಿಗೆಯ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇವೆ. ಮೂರನೇ ತರಗತಿಯ ಅಕ್ಷರ ಇಷ್ಟಕ್ಕಾದರೂ ಬರಲಿ.

ಫೆಬ್ರವರಿ ೧೧

ನದಿಗೆ ಈಗ ಆಫೀಸಿನ ಹೊತ್ತು. ಹಗಲೆಲ್ಲ ಮೇಲೆ ಅಣೆಕಟ್ಟಿನಲ್ಲಿ ಕೂಡಿಹಾಕಿ, ಸಂಜೆ ಪಟ್ಟಣಕ್ಕೆ ಕರೆಂಟು ಬೇಕಾದಾಗ ಬಾಗಿಲು ತೆಗೆಯುತ್ತಾರೆ. ಮೊದಲು ಸೈರನ್ನು ಕೂಗುತ್ತದೆ. ಆಮೇಲೆ ಪಾಳಿಗೆ ಬಂದ ಕೂಲಿಯವರ ಹಾಗೆ ತಲೆ ತಗ್ಗಿಸಿಕೊಂಡು ನೀರು ಬರುತ್ತದೆ. ಬೆಳಗಾದರೆ ಮತ್ತೆ ಕಲ್ಲು. ಮೀನು ಮೊಟ್ಟೆಯಿಟ್ಟು ಹಿಂತಿರುಗಿ ನೋಡುವಷ್ಟರಲ್ಲಿ ಮೊಟ್ಟೆ ಬಿಸಿಲಲ್ಲಿ. ಆಚೆದಡದ ಬೆಂಚುಗಳ ಮುಂದೆ ಮೀನುಗಳ ಚಿತ್ರ ಬರೆದ ಫಲಕ ನೆಟ್ಟಿದ್ದಾರೆ, ಇಂಥಿಂಥ ಮೀನು ಈ ನದಿಯಲ್ಲಿವೆ ಎಂದು. ಸತ್ತವರ ಫೋಟೋ ಗೋಡೆಗೆ ಹಾಕುವುದು ಗೊತ್ತಿತ್ತು. ಅದರ ಕೆಳಗೆ ಇವರು ಮನೆಯಲ್ಲಿದ್ದಾರೆ ಎಂದು ಬರೆಯುವುದನ್ನು ಈಗ ನೋಡಿದೆ.

ಮೊದಲು ನಮ್ಮ ಮನೆಯ ಕೆಳಗೇ ನೀರು ಬಂಡೆಗಳ ಮೇಲೆ ಬಿದ್ದು ಮೊರೆಯುತ್ತಿತ್ತು. ಅದನ್ನು ಮೀರಿ ಮಾತಾಡಿ ಮಾತಾಡಿ ನಮ್ಮ ಓಣಿಯವರಿಗೆಲ್ಲ ಗಂಟಲು ದೊಡ್ಡದು. ಮೊರೆತ ಹೋಯಿತು, ಗಂಟಲು ಉಳಿಯಿತು. ನಮ್ಮಲ್ಲಿ ಗುಟ್ಟು ಹೇಳಿದರೂ ಓಣಿಯ ಕೊನೆಯವರೆಗೆ ಕೇಳುತ್ತದೆ. ಈಗ ಒಂದೇ ಕೋಣೆಯಲ್ಲಿ ಅಂಥ ಎರಡು ಗಂಟಲು. ಅವಳು ನಿದ್ದೆಯಲ್ಲೂ ಯಾರಿಗೋ ಬುದ್ಧಿ ಹೇಳುತ್ತಿರುತ್ತಾಳೆ.

ಇವತ್ತು ಮುಂದಿನ ಕೋಣೆಯಲ್ಲಿ ಗೋಡೆಯ ಗೆರೆಯನ್ನು ನೋಡುತ್ತ ನಿಂತಿದ್ದಳು. ತುಟಿ ಒಂದು ಕಡೆಗೆ ಎಳೆದುಕೊಂಡಳು. ಆ ತುಟಿ ನನಗೆ ಗೊತ್ತು.

ನೆರೆ ಇಳಿದ ಮರುದಿನ, ನೀರು ನಿಂತಿದ್ದಲ್ಲಿಗೆ ದೋಣಿಗೆ ಬಳಿಯುವ ಟಾರಿನಿಂದ ಗೋಡೆಯ ಮೇಲೆ ಗೆರೆ ಎಳೆಯುವುದು ಎರಡೂ ದಡದವರ ರೂಢಿ. ಗೆರೆ ಎಷ್ಟು ಮೇಲೋ ಮನೆಗೆ ಅಷ್ಟು ಮರ್ಯಾದೆ. ಅಷ್ಟು ನೀರು ಕುಡಿದೂ ಬೀಳದ ಮನೆ ಅಂತ. ಸುಣ್ಣ ಬಳಿದರೆ ಗೆರೆ ಮುಚ್ಚಿಹೋಗುತ್ತದೆ, ಮತ್ತೆ ಎಳೆಯಬೇಕು. ಎಳೆಯುವ ಕೈ ಯಾವತ್ತೂ ಕೆಳಗೆ ಜಾರುವುದಿಲ್ಲ. ದೊಡ್ಡ ನೆರೆಯ ಗೆರೆ ನಮ್ಮಲ್ಲಿ ಮೊದಲು ಕಿಟಕಿಯ ಎರಡನೇ ಅಡ್ಡಸರಳಿಗಿತ್ತು. ಮಗನ ಮದುವೆಯ ಹೊತ್ತಿಗೇ ಕಿಟಕಿ ದಾಟಿತ್ತು. ಅಣೆಕಟ್ಟು ಬಂದು ನದಿ ಇಳಿಯಿತು, ಗೆರೆ ಇನ್ನೂ ಏರಿತು. ಈಗ ಬಾಗಿಲ ಮೇಲಿನ ಪಟ್ಟಿಗೆ ತಾಗಿದೆ. ಓಣಿಯಲ್ಲಿ ಎಲ್ಲರದೂ ಅಷ್ಟೇ. ಅದನ್ನು ಸುಳ್ಳು ಅಂತ ಯಾರೂ ಅನ್ನುವುದಿಲ್ಲ, ಇವಳೊಬ್ಬಳನ್ನು ಬಿಟ್ಟು. ಸಂಬಂಧ ನೋಡಲು ಬಂದವಳು ಹುಡುಗನನ್ನು ನೋಡದೆ ಗೋಡೆ ನೋಡಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

"ಅಷ್ಟೆತ್ತರ ನೀರು ಬಂದಿದ್ರೆ ಈ ಮನೆ ಇವತ್ತು ಸಮುದ್ರದಲ್ಲಿರ್ತಿತ್ತು. ಸುಳ್ಳಿ ನೀನು."

ಇವಳ ಮನೆಯಲ್ಲಿ ಮಾತ್ರ ಗೆರೆ ಕಿಟಕಿಯಿಂದ ಮೇಲೆ ಹೋಗಲೇ ಇಲ್ಲ. ಎಷ್ಟು ಸಲ ಸುಣ್ಣ ಬಳಿದರೂ ಇಲ್ಲ. ಜಿಪುಣಿ.

ಫೆಬ್ರವರಿ ೧೫

ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುತ್ತಾಳೆ. ನಾನು ತೊಳೆದದ್ದನ್ನು ಮಾತ್ರ.

ಮೊದಲ ದಿನದಿಂದ ಅವಳಿಗೆ ಅಂಚು ಮುರಿದ ಲೋಟದಲ್ಲೇ ಚಹಾ ಕೊಡುತ್ತಿದ್ದೇನೆ. ಗೊತ್ತೇ ಆಗದವಳಂತೆ ಕುಡಿಯುತ್ತಾಳೆ.

ಮಗ ರಜೆ ಸಿಗದೆ ಇವತ್ತೂ ಕೆಲಸಕ್ಕೆ ಹೋದ. ಅವನ ಕೆಲಸ ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ, ಬಂದವರನ್ನು ಹಂಸದ ಆಕಾರದ ಪ್ಲಾಸ್ಟಿಕ್ ದೋಣಿಯಲ್ಲಿ ಕೂರಿಸುವುದು. ಅವರೇ ಸೈಕಲ್ ತುಳಿದ ಹಾಗೆ ತುಳಿದುಕೊಂಡು ಹೋಗುತ್ತಾರೆ. ಇವನು ದಡದಲ್ಲಿ ನಿಂತು ಸೀಟಿ ಊದುತ್ತಾನೆ. ಅಪ್ಪ ನೆರೆಯಲ್ಲಿ ದೋಣಿ ಬಿಟ್ಟವನು, ಮಗ ನಿಂತ ನೀರಿನಲ್ಲಿ ಸೀಟಿ ಊದುವವನು. ಇದನ್ನೇ ಅಭಿವೃದ್ಧಿ ಅಂತ ಫಲಕದ ಮೇಲೆ ಬರೆದಿರುವುದು.

ಫೆಬ್ರವರಿ ೨೦

ಕಟ್ಟಿದ ಬಾಯಿ ಇವತ್ತು ಬಿಚ್ಚಿತು. ತಪ್ಪು ನನ್ನದಲ್ಲ.

ಮಧ್ಯಾಹ್ನ ಅವಳು ಒಂದು ಕೆರೆಯುವ ಕತ್ತಿಯನ್ನೂ ಬಕೆಟ್ಟನ್ನೂ ತಂದು ನನ್ನ ಮುಂದೆ ಇಟ್ಟಳು. ಗೋಡೆಯ ಗೆರೆ ಕೆರೆದು ಸುಣ್ಣ ಹಚ್ಚಿಬಿಡೋಣ ಅಂದಳು. ಈಚೆದಡಕ್ಕೂ ಕಲ್ಲು ಹಾಸುವವರಿದ್ದಾರೆ, ಅಳೆಯುವವನು ಬರುತ್ತಾನೆ. ಅವನು ತುಂಬ ಮರ್ಯಾದೆಯಿಂದ ಮಾತಾಡುತ್ತಾನೆ, ಚಹಾ ಕೊಟ್ಟರೆ ಕುಡಿಯುತ್ತಾನೆ, ನೆರೆ ಬಂದಾಗ ನೀರು ಎಲ್ಲಿವರೆಗೆ ಬಂದಿತ್ತು ತಾಯಿ ಅಂತ ಕೇಳುತ್ತಾನೆ. ನೀವು ತೋರಿಸುತ್ತೀರಿ. ನೀರು ಬಂದ ಜಾಗವೆಲ್ಲ ನದಿಯ ಜಾಗ ಅಂತ ಬರೆದುಕೊಳ್ಳುತ್ತಾನೆ. ನನ್ನ ಮನೆ ಹೋದದ್ದು ಹಾಗೇ ಅಂದಳು.

ನಾನು ನಂಬಲಿಲ್ಲ. ನಂಬುವುದು ಹೇಗೆ? ಮದುವೆಯ ಮೊದಲಿಂದ ಈ ಗೆರೆಯ ಮೇಲೆ ಅವಳ ಕಣ್ಣು. ಗಂಡನ ಮನೆಯ ಮರ್ಯಾದೆಯನ್ನು ಕೆರೆದು ಬಕೆಟ್ಟಿಗೆ ಹಾಕು ಅನ್ನುತ್ತಾಳೆ, ಅದೂ ನನ್ನದೇ ಬಕೆಟ್ಟು ತಂದು. ನಿನ್ನ ಗೋಡೆ ಹೋಯಿತು ಅಂತ ನನ್ನ ಗೋಡೆ ಬೋಳಿಸಬೇಕೋ ಎಂದು ಕೇಳಿದೆ. ಇನ್ನೂ ನಾಲ್ಕು ಕೇಳಿದೆ. ಓಣಿಯವರೆಲ್ಲ ಕೆಲಸ ಬಿಟ್ಟು ಕೇಳಿಸಿಕೊಂಡರು.

ಅವಳು ಕತ್ತಿ ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಒಂದೇ ಮಾತು. "ನಿನ್ನ ಬಾಯಿಗೆ ಅಣೆಕಟ್ಟು ಕಟ್ಟಬೇಕಿತ್ತು, ಜಾಗ ತಪ್ಪಿ ನದಿಗೆ ಕಟ್ಟಿದ್ರು."

ಇದಕ್ಕೆ ಉತ್ತರ ಹೊಳೆದದ್ದು ಊಟವಾದ ಮೇಲೆ. ಆಗ ಅವಳು ಮಲಗಿದ್ದಳು.

ಫೆಬ್ರವರಿ ೨೭

ಅಳೆಯುವವನು ಬಂದ. ಮೀಸೆ ಇನ್ನೂ ಬರಲೋ ಬೇಡವೋ ಅನ್ನುತ್ತಿದೆ. ಮೂರು ಕಾಲಿನ ಯಂತ್ರವೊಂದನ್ನು ಬಾಗಿಲ ಮುಂದೆ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡಿದ. ನಾನು ಅವನಿಗೇ ಹೆಸರಿಟ್ಟೆ, ಮುಕ್ಕಾಲಿ.

ನಮ್ಮ ಮನೆ ಓಣಿಯಲ್ಲೇ ತಗ್ಗಿನದು. ಮುಂದಿನ ಕೋಣೆ ಕೆಳಗೆ, ಮೆಟ್ಟಿಲು ಹತ್ತಿದರೆ ನಡುಮನೆ, ಇನ್ನೂ ಹತ್ತಿದರೆ ಅಡಿಗೆಮನೆ. ಮುಂದಿನ ಕೋಣೆಯಲ್ಲಿ ಸೊಸೆಯ ಹೊಲಿಗೆ ಯಂತ್ರ. ಮುಕ್ಕಾಲಿ ಅವಳನ್ನು ನೋಡಿ ನಕ್ಕು, ನನ್ನನ್ನು ನೋಡಿ ಕೇಳಿದ. ಈ ನದಿ ನೋಡಿದರೆ ಯಾವತ್ತಾದರೂ ನೆರೆ ಬಂದಿತ್ತು ಅಂತ ಅನ್ನಿಸುವುದೇ ಇಲ್ಲ ಅಜ್ಜಿ, ನಿಜವಾಗಿ ಬರುತ್ತಿತ್ತಾ?

ಬರುತ್ತಿತ್ತಾ ಅಂತೆ. ಚರಂಡಿಯ ಮುಂದೆ ನಿಂತು ಕೇಳುವ ಹಾಗೆ ಕೇಳಿದ. ನನ್ನ ಮೈ ಉರಿಯಿತು. ಒಳಗೆ ಕರೆದು ಗೆರೆ ತೋರಿಸಿದೆ. ದೋಣಿಯನ್ನು ಬಾಗಿಲೊಳಗೆ ತಂದು ಈ ತೊಲೆಗೆ ಕಟ್ಟಿದ್ದೆವು ಅಂದೆ. ಮುಂದಿನ ಕೋಣೆ ಪೂರ್ತಿ ಮುಳುಗಿ ನಡುಮನೆ ದಾಟಿ ಅಡಿಗೆಮನೆಯ ಒಲೆಯೊಳಗೆ ಮೀನು ಬಂದಿತ್ತು ಅಂದೆ. ಮೀನಿನ ಉದ್ದ ಅವನ ತೋಳಿಗಿಂತ ಹೆಚ್ಚು ಎಂದು ತೋಳು ಹಿಡಿದು ತೋರಿಸಿದೆ. ಅವನು ಎಲ್ಲ ಬರೆದುಕೊಂಡ. ಚಹಾ ಕುಡಿದ. ತುಂಬ ಮರ್ಯಾದಸ್ಥ.

ಬೀಗಿತ್ತಿ ಇಷ್ಟು ಹೊತ್ತೂ ಮೆಟ್ಟಿಲ ಮೇಲೆ ನಿಂತು, ಎರಡು ಕೈಯಿಂದಲೂ ತಲೆ ಹಿಡಿದುಕೊಂಡಿದ್ದಳು. ಸಂಬಂಧಿಕರಿಗೆ ಮರ್ಯಾದೆ ಸಿಕ್ಕಿದರೆ ಕೆಲವರಿಗೆ ತಲೆನೋವು.

ಮಾರ್ಚ್ ೬

ಬೆಳಿಗ್ಗೆ ಎದ್ದು ನೋಡಿದರೆ ಓಣಿಯ ಎಲ್ಲ ಮನೆಗಳ ಗೋಡೆಗೂ ಕೆಂಪು ಬಣ್ಣದ ಗುರುತು. ನಮ್ಮದಕ್ಕೆ ಮುಂದಿನ ಗೋಡೆ, ಪಕ್ಕದ ಗೋಡೆ, ಅಡಿಗೆಮನೆಯ ಹಿಂದಿನ ಗೋಡೆ, ಮೂರು ಕಡೆ. ಮಗ ವಿಚಾರಿಸಿಕೊಂಡು ಬಂದ. ಈ ಗುರುತಿನ ಒಳಗಿರುವುದೆಲ್ಲ ನದಿಯಂತೆ. ನಾವು ಇಷ್ಟು ವರ್ಷ ನದಿಯಲ್ಲಿ ಅಡಿಗೆ ಮಾಡಿಕೊಂಡು, ನದಿಯಲ್ಲಿ ಮಲಗಿಕೊಂಡು ಇದ್ದೆವಂತೆ. ಹೊರಗೆ ನಿಜವಾದ ನದಿಯಲ್ಲಿ ಕಾಗೆಗೆ ಕೊಕ್ಕು ಅದ್ದಲು ನೀರಿಲ್ಲ, ನಮ್ಮ ಅಡಿಗೆಮನೆಯಲ್ಲಿ ನೆರೆ.

ಎಲ್ಲರೂ ಗೆರೆ ತೋರಿಸಿದ್ದಾರೆ. ಎಲ್ಲರೂ ಚಹಾ ಕೊಟ್ಟಿದ್ದಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಅವರು, ಈಯಿತು ಈಯಿತು ಅಂತ ಕೂಗಿದವರು ನಾವು. ಹದಿನೆಂಟನೇ ತಾರೀಖು ಆಚೆದಡದ ನದಿ ಅಭಿವೃದ್ಧಿ ಕಚೇರಿಗೆ ಹೋಗಿ, ಹೇಳುವುದಿದ್ದರೆ ಹೇಳಬೇಕು. ಅದಾದ ಮೇಲೆ ಮನೆ ಕೆಡವುವ ಯಂತ್ರ ತರುತ್ತಾರೆ.

ಮಗ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಕೇಳಿದ, "ಒಲೆಯೊಳಗೆ ಮೀನು ಬಂದಿತ್ತು ಅಂತ ಯಾಕಮ್ಮ ಹೇಳಿದೆ?"

ಬೀಗಿತ್ತಿ ಹೇಳಿದೆನಲ್ಲ ಎಂದು ಇವತ್ತು ಅನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಅದಕ್ಕೂ ಒಂದು ಜಂಬ ಬೇಕು.

ಮಾರ್ಚ್ ೭

ಸೊಸೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಳು.

ಮಾರ್ಚ್ ೧೨

ಓಣಿಯ ಗಂಡಸರೆಲ್ಲ ನಮ್ಮ ಜಗಲಿಯ ಮೇಲೆ ಸೇರಿ ತೀರ್ಮಾನ ಮಾಡಿದರು. ಕಚೇರಿಯಲ್ಲಿ ಎಲ್ಲರೂ ಒಂದೇ ಮಾತು ಹೇಳುವುದು. ನೆರೆ ಹೊಸ್ತಿಲಿಗೂ ಬಂದಿರಲಿಲ್ಲ, ಗೋಡೆಯ ಗೆರೆ ಸುಮ್ಮನೆ ಅಂದಕ್ಕೆ ಎಳೆದದ್ದು. ದೋಣಿಯ ಮನೆಯವರಾದ್ದರಿಂದ ನಾನೂ ಬಂದು ಹೇಳಬೇಕಂತೆ. ನಿಮ್ಮ ಮಾತಿಗೆ ತೂಕ ಅಂದ ಬಡಗಿ. ಕಳೆದ ಬೇಸಗೆಯಲ್ಲಿ ತನ್ನ ಗೆರೆಯನ್ನು ಏಣಿ ಹಾಕಿಕೊಂಡು ಎಳೆದವನು ಇವನೇ.

ಹೊಸ್ತಿಲಿಗೂ ಬರಲಿಲ್ಲವಂತೆ. ನನ್ನ ಗಂಡ ಒಂದಿಡೀ ರಾತ್ರಿ ಮನೆ ಮನೆಯ ಮಾಡಿನಿಂದ ಇವರ ಅಪ್ಪ ಅಮ್ಮಂದಿರನ್ನು ಇಳಿಸಿ ದೋಣಿಗೆ ತುಂಬಿಸಿದ್ದು ಒಣನೆಲದ ಮೇಲೆಯೋ ಹಾಗಾದರೆ? ಹೇಳುತ್ತೇನೆ ಅಂದೆ. ಮನೆ ಉಳಿಯಬೇಕಲ್ಲ. ಈ ಗಂಟಲಲ್ಲಿ ಎಂತೆಂಥದೋ ಇಳಿದಿದೆ, ಇದೂ ಇಳಿಯಲಿ.

ಎಲ್ಲರೂ ಹೋದ ಮೇಲೆ ಬೀಗಿತ್ತಿ ಕಿಟಕಿಯ ಹತ್ತಿರ ನಿಂತು, ಸರಳುಗಳ ಮೇಲೆ ಕೈಯಾಡಿಸುತ್ತ, ನಾನು ಕೇಳದಿದ್ದರೂ ಹೇಳಿದಳು. ದೊಡ್ಡ ನೆರೆ ಬಂದಾಗ ಇಬ್ಬರೂ ಹೊಸದಾಗಿ ಮದುವೆಯಾದವರು, ಒಬ್ಬರಿಗೊಬ್ಬರು ಗುರುತಿಲ್ಲ. ಆಚೆದಡದಲ್ಲಿ ಅವಳು ಅಟ್ಟದ ಮೇಲೆ ಕೂತು ನೋಡಿದರೆ ಈಚೆದಡದಲ್ಲಿ ಕಾಣುತ್ತಿದ್ದದ್ದು ಒಂದೇ ದೀಪ, ನಮ್ಮ ಕಿಟಕಿಯದು. ಸರಳುಗಳ ಅಡ್ಡಗೆರೆ ಕೂಡ ಕಾಣುತ್ತಿತ್ತಂತೆ. ಮೊದಲ ಸರಳು ಮುಳುಗಿತು. ಎರಡನೆಯದು ಮುಳುಗಿತು. ಆಮೇಲೆ ದೀಪ ಆರಿಹೋಯಿತು.

"ಅದು ಯಾರೋ ಏನೋ, ಹೋದ್ರು ಅಂತ ಅತ್ತುಬಿಟ್ಟೆ. ಬೆಳಿಗ್ಗೆ ನೀನು ಮಾಡಿನ ಮೇಲೆ ಕೂತು ಯಾರಿಗೋ ಬೈತಾ ಇದ್ದಿದ್ದು ನೀರಿನ ಮೇಲೆ ಕೇಳಿಸ್ತು. ಸಮಾಧಾನ ಆಯ್ತು."

ಇಷ್ಟು ವರ್ಷ ಇದನ್ನು ಹೇಳಿರಲಿಲ್ಲ. ಇದನ್ನೂ ಜಿಪುಣತನದಿಂದ ಇಟ್ಟುಕೊಂಡಿದ್ದಳು.

ದೀಪ ಆರಿದ್ದು ನೀರಿಗಲ್ಲ. ನಾನೇ ಎತ್ತಿಕೊಂಡು ಮಾಡಿಗೆ ಹತ್ತುವಾಗ ಗಾಳಿಗೆ ಹೋದದ್ದು. ಹೇಳಿದೆ. ಹಾಗಾ ಅಂದಳು.

ಬುಧವಾರ

ಸೊಸೆ ತನ್ನ ಸ್ವಂತ ತಾಯಿಗೆ ಅಂಚು ಮುರಿದ ಲೋಟದಲ್ಲಿ ಚಹಾ ಕೊಟ್ಟಳು. ಈಗಿನ ಹುಡುಗಿಯರಿಗೆ ದೊಡ್ಡವರೆಂದರೆ ಬೆಲೆಯೇ ಇಲ್ಲ. ಲೋಟ ತೆಗೆದು ಹೊರಗೆ ಎಸೆದೆ.

ಮಾರ್ಚ್ ೧೮

ಇವತ್ತಿನದು ಇವತ್ತೇ ಬರೆಯಬೇಕು, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಆಗಲಿ.

ಎಲ್ಲರೂ ನದಿಯೊಳಗೆ ನಡೆದುಕೊಂಡೇ ಹೋದೆವು. ಬೀಗಿತ್ತಿ ಬರುವ ಅಗತ್ಯವಿರಲಿಲ್ಲ. ಬಂದಳು. ಬಂಡೆಗಳ ನಡುವೆ ನನ್ನ ಕಾಲು ಜಾರುವ ಕಡೆಯಲ್ಲೆಲ್ಲ ಮುಂದೆ ಹೋಗಿ ನಿಂತು, ನನ್ನ ಕಡೆ ನೋಡದೆ ಕೈ ಚಾಚುತ್ತಿದ್ದಳು. ಹಿಡಿಯದಿದ್ದರೆ ಬೀಳುತ್ತಿದ್ದೆ, ಅದಕ್ಕೆ ಹಿಡಿದೆ.

ಕಚೇರಿ ದಡದ ಮೇಲೇ ಇದೆ, ಗಾಜಿನದು. ಒಳಗೆ ಕಾಲಿಟ್ಟ ಕೂಡಲೇ ತಣ್ಣಗೆ. ಒಂದು ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು, ಎಲ್ಲಿಯದೋ. ಬೀಗಿತ್ತಿ ಸುತ್ತ ನೋಡಿ, ಸಾಹೇಬರ ಮೇಜಿನ ಕಡೆಗೆ ಗಲ್ಲ ಎತ್ತಿ, ಅದು ನನ್ನ ಒಲೆ ಇದ್ದ ಜಾಗ ಅಂದಳು. ಅವಳ ಪಿಸುಮಾತು. ಸಾಹೇಬ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

ಸಾಹೇಬ ಕೆಟ್ಟವನಲ್ಲ. ಒಳ್ಳೆಯ ಇಸ್ತ್ರಿ ಮಾಡಿದ ಮನುಷ್ಯ. ಗೋಡೆಯ ಮೇಲೆ ಒಂದು ಚಿತ್ರ ಬೆಳಗಿಸಿ ತೋರಿಸಿದ. ನೀಲಿ ನದಿ, ಎರಡೂ ಕಡೆ ಹೂವು, ಅಂಗಡಿ, ಬಣ್ಣದ ದೀಪ, ನಮ್ಮ ಓಣಿ ಇರುವಲ್ಲಿ ಐಸ್‌ಕ್ರೀಂ ತಿನ್ನುತ್ತಿರುವ ಒಂದು ಸಂಸಾರ. ಅವರಿಗೆ ನೆರೆಯ ಭಯ ಇದ್ದಂತೆ ಕಾಣಲಿಲ್ಲ. ನದಿಗೆ ಮರ್ಯಾದೆ ಕೊಡಬೇಕಲ್ಲವೇ, ಅದರ ಜಾಗ ಅದಕ್ಕೆ ಬಿಡಬೇಕಲ್ಲವೇ ಎಂದು ಸಾಹೇಬ ಕೇಳಿದ. ನದಿಯನ್ನು ಕೊರಳು ಹಿಡಿದು ಮೇಲೆ ಕಟ್ಟಿಹಾಕಿ, ಅದರ ಹೆಸರಿನಲ್ಲಿ ಇಲ್ಲಿ ಜಾಗ ಕೇಳುವವರು. ಗಂಡನನ್ನು ಮೂಲೆಗೆ ಕೂರಿಸಿ ಗಂಡನ ಪಾಲು ಕೇಳುವ ಹೆಂಗಸರನ್ನು ನೋಡಿದ್ದೇನೆ, ಅವರಿಗೂ ಇಷ್ಟು ನಯ ಇರಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಕೇಳಿದ. ಬಡಗಿ ಎದ್ದು, ಈ ನದಿಗೆ ನೆರೆ ಬರುವ ತಾಕತ್ತೇ ಇರಲಿಲ್ಲ ಸಾರ್ ಅಂದ. ಅಂಗಡಿಯವ, ನಮ್ಮ ತಾತ ಹೇಳುತ್ತಿದ್ದರು, ಇದು ಹೆಸರಿಗೆ ನದಿ, ಹಳ್ಳಕ್ಕಿಂತ ಕಡೆ ಅಂತ ಅಂದ. ಹೆದರಿ ಮಾಡಿನ ಹಂಚಿಗೆ ಅಂಟಿಕೊಂಡಿದ್ದ ಅವನ ತಾತನನ್ನು ನನ್ನ ಗಂಡ ಕಿತ್ತು ತೆಗೆಯಬೇಕಾಯಿತು. ಒಬ್ಬೊಬ್ಬರೂ ಒಂದೊಂದು ಬೊಗಸೆ ನೀರು ಕಡಿಮೆ ಮಾಡುತ್ತ ಬಂದರು. ನನ್ನ ಸರದಿಗೆ ಬರುವಷ್ಟರಲ್ಲಿ ನದಿ ಪೂರ್ತಿ ಬತ್ತಿತ್ತು. ಅಣೆಕಟ್ಟಿಗೂ ಇಷ್ಟು ಚೆನ್ನಾಗಿ ಆಗಿರಲಿಲ್ಲ.

ನಾನು ಎದ್ದೆ. ಮಗ ನನ್ನ ತೋಳು ಒತ್ತಿದ. ಹೊಸ್ತಿಲಿಗೂ ಬಂದಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಹೇಬ ನಕ್ಕ. ಹಾಳೆ ತಿರುವುತ್ತ, ವಿಚಿತ್ರ ನೋಡಿ, ಮೊದಲು ಇಲ್ಲೇ, ಈ ದಡದಲ್ಲಿದ್ದವರೆಲ್ಲ ಕಿಟಕಿ ಮುಳುಗಿತ್ತು ಅಂತ ಬರೆಸಿದ್ದಾರೆ ಅಂದ. ಹಾಗಾದರೆ ಫ್ಲಾಟಿನ ಆಸೆಗೆ ಸುಳ್ಳು ಹೇಳಿದರು ಅಂತಾಯಿತು. ಬೀಗಿತ್ತಿಯ ಕಡೆ ತಿರುಗಿ, ಮಕ್ಕಳನ್ನು ಮಾತಾಡಿಸುವ ದನಿಯಲ್ಲಿ ಕೇಳಿದ, "ಏನಜ್ಜಿ, ನೀವೂ ಹೇಳಿದ್ರಲ್ಲ. ಸುಳ್ಳು ತಾನೇ?"

ಎಲ್ಲರ ಎದುರು. ಅವಳ ಒಲೆಯ ಜಾಗದಲ್ಲಿ ಕೂತುಕೊಂಡು.

ಈಗ ಇವನ ಕಥೆ ಮುಗಿಯಿತು ಅಂದುಕೊಂಡೆ. ಆರನೇ ಮಹಡಿಯವರು ದೂರು ಕೊಟ್ಟ ಗಂಟಲು ಅದು. ಆದರೆ ಬೀಗಿತ್ತಿ ಮಗಳ ಕಡೆ ಒಂದು ಸಲ ನೋಡಿದಳು, ತಲೆ ತಗ್ಗಿಸಿದಳು, ಹೌದು ಅನ್ನುವ ಹಾಗೆ ಅಲ್ಲಾಡಿಸಿದಳು. ಮಗಳ ಮನೆ ಉಳಿಯಲಿ ಅಂತ. ಸುಣ್ಣ ಬಳಿದಾಗಲೂ ಗೆರೆಯನ್ನು ಒಂದು ಕೂದಲೆಳೆ ಮೇಲೆತ್ತದವಳು.

ಇವಳ ಬಾಯಲ್ಲಿ ಒಂದು ಸುಳ್ಳು ಸಿಕ್ಕಲಿ ಎಂದು ಇಷ್ಟು ವರ್ಷ ಹೊಂಚು ಹಾಕಿದವಳು ನಾನು. ನನಗೇ ಸಿಕ್ಕಿಲ್ಲ. ನಿನ್ನೆ ಮೊನ್ನೆ ಇಸ್ತ್ರಿ ಮಾಡಿಸಿಕೊಂಡು ಬಂದ ಇವನಿಗೆ ಸಿಕ್ಕಿತೇ?

"ಏಯ್," ಅಂದೆ. ಮೀನಿನ ಪೆಟ್ಟಿಗೆಯ ನೀರು ಅಲ್ಲಾಡಿತು. "ಅವಳ ಬಾಯಲ್ಲಿ ಏನು ಬೇಕಾದ್ರೂ ಬರುತ್ತೆ, ಸುಳ್ಳೊಂದು ಬರಲ್ಲ. ಸುಳ್ಳು ಹೇಳಿದೋರು ನಾವು, ಈಚೆದಡದೋರು. ಮೊದಲು ಜಾಸ್ತಿ ಹೇಳಿದ್ವಿ, ಈಗ ಕಮ್ಮಿ ಹೇಳ್ತಾ ಇದೀವಿ. ಕಿಟಕಿ. ಎರಡನೇ ಸರಳು. ಬರ್ಕೋ."

ಸಾಹೇಬ ಲೆಕ್ಕ ನೋಡಿದ. ಹಾಗಾದರೆ ಉಳಿದವರಿಗೆ ಜಗಲಿ ಹೋಗುತ್ತದೆ ಅಷ್ಟೇ, ನಿಮ್ಮದು ತಗ್ಗಿನ ಮನೆ, ಮುಂದಿನ ಕೋಣೆ ಪೂರ್ತಿ ಹೋಗುತ್ತದೆ ಅಂದ. ಹೊಸ್ತಿಲು ಅಂದರೆ ಏನೂ ಹೋಗುವುದಿಲ್ಲ, ಯೋಚನೆ ಮಾಡಿ ಎಂದು ನಿಜವಾಗಿ ಕನಿಕರದಿಂದಲೇ ಹೇಳಿದ.

"ಹೋಗ್ಲಿ. ನದಿ ಒಂದು ಸಲ ತಗೊಂಡು ಬೆಳಿಗ್ಗೆ ವಾಪಸ್ ಕೊಟ್ಟಿತ್ತು. ನೀವು ತಗೊಳ್ಳಿ, ಕೊಡೋ ಯೋಗ್ಯತೆ ನಿಮಗಿಲ್ಲ. ಮತ್ತೆ ಅದೇ ನೀರು ಇಲ್ಲಿಗೂ ಬಂದಿತ್ತು. ನಿನ್ನ ಕುರ್ಚಿ ಮುಳುಗೋಷ್ಟು. ಅದನ್ನೂ ಬರ್ಕೋ."

ಈಗ ಅಣೆಕಟ್ಟು ಇದೆಯಲ್ಲ ಅಜ್ಜಿ, ಇಲ್ಲಿಗೆ ನೀರು ಬರುವುದಿಲ್ಲ ಅಂದ. ಬರದ ನೀರಿಗೆ ನನ್ನ ಕೋಣೆ ಯಾಕೆ ಅಂದೆ. ಅವನು ಕನ್ನಡಕ ಒರೆಸಿಕೊಂಡು, ಮುಂದಿನವರು ಅಂದ. ಮುಂದೆ ಯಾರೂ ಇರಲಿಲ್ಲ.

ಬರುವಾಗ ಓಣಿಯವರು ನಮ್ಮನ್ನು ಬಿಟ್ಟು ಮುಂದೆ ಹೋದರು. ಮಗ ಅವರ ಹಿಂದೆ. ನಡುನದಿಯ ಬಂಡೆಯ ಮೇಲೆ ನಾವಿಬ್ಬರೂ ಕೂತು ಸುಧಾರಿಸಿಕೊಂಡೆವು. "ಹುಚ್ಚಿ," ಅಂದಳು ಬೀಗಿತ್ತಿ. ಉತ್ತರ ಆಗಲೇ ಹೊಳೆದಿತ್ತು. ಕೊಡಲಿಲ್ಲ, ಉಸಿರಿರಲಿಲ್ಲ.

ಮಾರ್ಚ್ ೨೩

ಮಗ ಇನ್ನೂ ಮಾತಾಡುವುದಿಲ್ಲ. ಉಂಡು, ಸೀಟಿ ಕೊರಳಿಗೆ ಹಾಕಿಕೊಂಡು ಹೋಗುತ್ತಾನೆ. ಸೊಸೆ ಹೊಲಿಗೆ ಯಂತ್ರವನ್ನು ನಡುಮನೆಗೆ ಒಬ್ಬಳೇ ಎಳೆಯುತ್ತಿದ್ದಳು. ಒಂದು ಕಡೆ ನಾನು ಹಿಡಿದೆ, ಒಂದು ಕಡೆ ಅವಳ ತಾಯಿ. ಗಿರಾಕಿಗಳು ಮೆಟ್ಟಿಲು ಹತ್ತಿ ಬರಲಿಕ್ಕಿಲ್ಲ ಅಂದಳು ಸೊಸೆ. ಬೈಯುತ್ತಾಳೆ ಎಂದು ನಿಂತೆ. ಅವಳು ಕತ್ತರಿ ತೆಗೆದು ತನ್ನ ಕೆಲಸ ನೋಡಿಕೊಂಡಳು. ಆಮೇಲೆ ನನ್ನ ಭುಜದ ಅಳತೆ ತೆಗೆದುಕೊಂಡು ಹೋದಳು, ಯಾಕೆ ಎಂದು ಹೇಳಲಿಲ್ಲ. ಈ ಪುಸ್ತಕದ ಮುಂಭಾಗದ ಹಾಳೆಯಲ್ಲಿ ಬರೆದಿದ್ದಾಳೆ, ನೋಡಿದೆ. ತಾಯಿಯ ಅಳತೆಯ ಪಕ್ಕದಲ್ಲೇ.

ಏಪ್ರಿಲ್ ೪

ಯಂತ್ರ ಬಂತು. ಅಷ್ಟು ನೀರು ಕುಡಿದೂ ಬೀಳದ ಗೋಡೆ ಒಂದು ಚಹಾ ಕುಡಿಯುವಷ್ಟರಲ್ಲಿ ಬಿತ್ತು. ಬೀಳುವ ಮೊದಲು ಬೀಗಿತ್ತಿ ಯಂತ್ರದ ಮುಂದೆ ಹೋಗಿ ನಿಂತು ಕಿಟಕಿ ಬಿಚ್ಚಿಸಿದಳು. ಯಂತ್ರ ನಡೆಸುವವನು ಕಿವಿಗೆ ಹತ್ತಿ ಇಟ್ಟುಕೊಂಡಿದ್ದ, ಆದರೂ ಅವನಿಗೆ ಕೇಳಿಸಿತು. ಕಿಟಕಿಯನ್ನು ಮಗ ಹೊತ್ತು ತಂದ. ಎಲ್ಲಿ ಇಡಲಮ್ಮ ಎಂದು ಕೇಳಿದ. ನನ್ನನ್ನೇ.

ಏಪ್ರಿಲ್ ೨೬

ನಡುಮನೆಯ ಮೆಟ್ಟಿಲ ಮೇಲೆ ಹೊಸ ಗೋಡೆ ಎದ್ದಿದೆ, ಹಳೆಯ ಕಿಟಕಿ ಅದರಲ್ಲಿ ಕೂತಿದೆ. ಕೆಳಗೆ ನಮ್ಮ ಮುಂದಿನ ಕೋಣೆ ಇದ್ದಲ್ಲಿ ಒಂದು ಬೆಂಚು ಹಾಕಿದ್ದಾರೆ. ನಿನ್ನೆ ಅದರ ಮೇಲೆ ಒಂದು ಗಂಡು ಒಂದು ಹೆಣ್ಣು ನದಿಗೆ ಬೆನ್ನು ಹಾಕಿ ಕೂತು ಫೋನು ನೋಡುತ್ತಿದ್ದರು. ಮೇಲಿನಿಂದ ನಾವು ಮಾತಾಡಿದ್ದಕ್ಕೆ ಎದ್ದು ಹೋದರು. ನಾವೇನೂ ಅವರಿಗೆ ಹೇಳಿರಲಿಲ್ಲ, ಉಪ್ಪು ಹೆಚ್ಚಾಗಿದೆ ಎಂದು ಮಾತಾಡುತ್ತಿದ್ದೆವು. ಆರನೇ ಮಹಡಿಯ ಬೀಗದ ಕೈ ಮೊಳೆಗೆ ತೂಗುಹಾಕಿ ಎಷ್ಟೋ ದಿನವಾಯಿತು, ತುಕ್ಕು ಹಿಡಿಯುತ್ತಿದೆ. ಹಿಡಿಯಲಿ.

ಇವತ್ತು ಸುಣ್ಣ ಬಳಿದೆವು. ಒಣಗಿದ ಮೇಲೆ ನಾನು ಟಾರಿನ ಡಬ್ಬಿ ತೆಗೆದೆ. ಸೊಸೆ ನೋಡಿ, ಈ ಗೋಡೆಗೆ ನೀರೇ ಮುಟ್ಟಿಲ್ಲವಲ್ಲ, ಗೆರೆ ಯಾಕೆ ಅತ್ತೆ ಅಂದಳು. ಸುಮ್ಮನೆ ನಿನ್ನ ಕೆಲಸ ನೋಡು ಎಂದು ಇಬ್ಬರೂ ಒಟ್ಟಿಗೆ ಅಂದೆವು. ಬೀಗಿತ್ತಿ ಸ್ಟೂಲು ತಂದು ಹಿಡಿದುಕೊಂಡಳು. ಹತ್ತಿ, ಎರಡನೇ ಸರಳಿಗೆ ಸರಿಯಾಗಿ ಕುಂಚ ಇಟ್ಟೆ. ಈ ಸಲ ಕೈಯನ್ನು ಮೇಲಕ್ಕೆ ಜಾರಲು ಬಿಡಲಿಲ್ಲ.

ಅಷ್ಟರಲ್ಲಿ ಸೈರನ್ನು ಕೂಗಿತು. ಕೆಳಗೆ ನೀರು ಡ್ಯೂಟಿಗೆ ಬಂತು, ಕಣಕಾಲು ಮುಳುಗುವಷ್ಟು, ಬೆಂಚಿನವರ ಚಪ್ಪಲಿಗೆ ತೊಂದರೆಯಾಗದಷ್ಟು. ಬೀಗಿತ್ತಿ ಅದನ್ನು ನೋಡಿದಳು. ಗೋಡೆ ನೋಡಿದಳು. ಸ್ಟೂಲು ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿಕೊಂಡಳು.

"ಇನ್ನೊಂದು ಬೆರಳು ಮೇಲೆ," ಅಂದಳು.

ಸುಳ್ಳಿ.

ಎಳೆದೆ.